ನಾನೇ ಎತ್ತಬೇಕಲ್ಲ

ಕೆನಡಾ, ಅಮೆರಿಕದ ತೀರದ ಹಡಗುಯಾನ ಮುಗಿಸಿ ಇಳಿದು ಇನ್ನೂ ವಾರ ತುಂಬಿಲ್ಲ. ಪ್ರವಾಸ ಹೇಗಿತ್ತು ಎಂದು ಕೇಳುವ ಮೊದಲೇ ಭಾವ ಫೋನಿನಲ್ಲಿ ಗದರಿದರು: "ಅಷ್ಟು ಸಣ್ಣ ಚೀಲ ಹಿಡಿಸಿ ಅಮ್ಮನನ್ನು ಆ ಚಳಿಗೆ ಕರೆದುಕೊಂಡು ಹೋಗಲು ನಿನಗೆ ಮನಸ್ಸಾದರೂ ಹೇಗೆ ಬಂತು?" ಅವರ ಮಾತಿನಲ್ಲಿದ್ದ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೂ ಆ ಪ್ರಶ್ನೆ ನನ್ನನ್ನು ಇನ್ನೂ ಕೆರಳಿಸುತ್ತಲೇ ಇದೆ, ಏಕೆಂದರೆ ಆ ಚೀಲವನ್ನು ಹಿಡಿಸಿದವಳು ನಾನಲ್ಲ. ಭಾವನ ಅಮ್ಮ, ಎಪ್ಪತ್ತು ದಾಟಿದ ನನ್ನ ಸೋದರತ್ತೆ, ಅದನ್ನು ತಾವೇ ಆರಿಸಿ, ತಾವೇ ತುಂಬಿ, ತಾವೇ ಹೊತ್ತರು.

ಭಾವ ಕಟ್ಟಿಸಿಕೊಟ್ಟಿದ್ದ ದೊಡ್ಡ ಸೂಟ್‌ಕೇಸಿನಲ್ಲಿ ದಪ್ಪ ಓವರ್‌ಕೋಟು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ವಿದ್ಯುತ್ ಕೆಟಲ್ ಎಲ್ಲವೂ ಇದ್ದವು. ಹಡಗಿನ ನಿಯಮಗಳನ್ನು ಕುಳಿತು ಓದಿದವರು ಅತ್ತೆ ಮಾತ್ರ. ಬೆಂಕಿಯ ಭಯದಿಂದಾಗಿ ಕ್ಯಾಬಿನ್ನಿಗೆ ಇಸ್ತ್ರಿಪೆಟ್ಟಿಗೆಯನ್ನು ಬಿಡುವುದಿಲ್ಲ, ತಪಾಸಣೆಯಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ಅತ್ತೆ ಸೂಟ್‌ಕೇಸನ್ನು ಮನೆಯಲ್ಲೇ ಬಿಟ್ಟು ಬಂದರು. ಕೆನಡಾದ ಕ್ವಿಬೆಕ್ ನಗರದ ಬಂದರಿನಲ್ಲಿ ಹಡಗು ಹತ್ತಲು ಸಾಲಿನಲ್ಲಿ ನಿಂತಿದ್ದಾಗ ನಮ್ಮ ತಂಡದವರೊಬ್ಬರು ತಮ್ಮ ಪೆಟ್ಟಿಗೆಗಳ ನಡುವಿನಿಂದ ಅತ್ತೆಯನ್ನು ಕೇಳಿದರು:

"ನಿಮ್ಮ ಸಾಮಾನು ಇಷ್ಟೇನಾ? ಉಳಿದದ್ದು ಹಿಂದೆ ಬರುತ್ತಿದೆಯೇ?"

"ಇಷ್ಟೇ. ನಾನೇ ಎತ್ತಬೇಕಲ್ಲ."

ಸಾಲಿನಲ್ಲಿ ಹೊತ್ತು ಹೋಗಲೆಂದು ಆಡಿದ ಮಾತು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಸಂಜೆಯಾಗುವಷ್ಟರಲ್ಲಿ ಅದು ಮತ್ತೆ ನೆನಪಿಗೆ ಬಂತು. ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ ತಲುಪಲು ಗಂಟೆಗಟ್ಟಲೆ ಬೇಕು. ಸಾಲಿನಲ್ಲಿ ಅತ್ತೆಯನ್ನು ಕೇಳಿದವರ ಮಾತ್ರೆಗಳು, ಸ್ವೆಟರು ಎಲ್ಲವೂ ಅವುಗಳೊಳಗೆ ಇದ್ದವು. ಅತ್ತೆ ಅಷ್ಟು ಹೊತ್ತಿಗೆ ಮೇಲ್ಗಡೆಯ ಡೆಕ್ಕಿನಲ್ಲಿದ್ದರು.

ಶರತ್ಕಾಲದ ಹಡಗುಯಾನದ ಚಳಿ ವಿಚಿತ್ರವಾದದ್ದು. ಒಳಗೆಲ್ಲ ಬೆಚ್ಚಗಿರುತ್ತದೆ, ಬಾಗಿಲು ದಾಟಿದರೆ ಗಾಳಿ. ಗಾಳಿ ಬೀಸದ ದಿನವೂ ಹಡಗು 20 ನಾಟ್ ವೇಗದಲ್ಲಿ ಸಾಗುತ್ತಿದ್ದರೆ ಮುಖಕ್ಕೆ ಗಂಟೆಗೆ 37 ಕಿಲೋಮೀಟರ್ ವೇಗದ ಗಾಳಿ ಬಡಿಯುತ್ತದೆ. ಕೆನಡಾದಲ್ಲಿ ಬಳಸುವ ಗಾಳಿಚಳಿಯ ಲೆಕ್ಕದಂತೆ 10 ಡಿಗ್ರಿಯ ಹವೆ ಆಗ ಸುಮಾರು 6 ಡಿಗ್ರಿಯಂತೆ ತಾಗುತ್ತದೆ. ಇದಕ್ಕೆ ಒಂದೇ ದಪ್ಪ ಕೋಟು ಉತ್ತರವಲ್ಲ. ತೊಟ್ಟರೆ ಒಳಗೆ ಬೆವರು, ತೆಗೆದರೆ ಹೊರಗೆ ನಡುಕ. ಅತ್ತೆಯ ಬಳಿ ಮೈಗಂಟಿಕೊಳ್ಳುವ ತೆಳು ಮೆರಿನೊ ಉಣ್ಣೆಯ ಅಂಗಿಗಳು, ಅದರ ಮೇಲಕ್ಕೊಂದು ಮೆತ್ತನೆಯ, ಬೆಚ್ಚಗಿನ ಫ್ಲೀಸ್ ಅಂಗಿ, ಎಲ್ಲಕ್ಕೂ ಮೇಲೆ ಗಾಳಿ, ಮಳೆ ತಡೆಯುವ ಹಗುರ ಜಾಕೆಟ್ ಇದ್ದವು. ಹತ್ತಿಬಟ್ಟೆ ಒದ್ದೆಯಾದರೆ ಮೈಯ ಬಿಸಿಯನ್ನೇ ಹೀರುತ್ತದೆ, ಉಣ್ಣೆ ತೇವವಾದರೂ ಬೆಚ್ಚಗಿಡುತ್ತದೆ, ಬೇಗ ವಾಸನೆಯನ್ನೂ ಹಿಡಿಯುವುದಿಲ್ಲ. ರಾತ್ರಿ ಒಗೆದ ಅಂಗಿಯನ್ನು ಒಣ ಟವೆಲಿನಲ್ಲಿ ಸುರುಳಿ ಸುತ್ತಿ ಬಲವಾಗಿ ಹಿಂಡಿ, ಬಚ್ಚಲಿನ ಹಗ್ಗಕ್ಕೆ ಹಾಕಿದರೆ ಬೆಳಗ್ಗೆಗೆ ಸಿದ್ಧ.

ಕಡಿದಾದ ದಡಗಳ ನಡುವೆ ನೀರು ತುಂಬಿದ ಕ್ವಿಬೆಕ್‌ನ ಸಾಗ್ನೆ ಕಮರಿಯೊಳಗೆ ಹಡಗು ನುಸುಳಿದ ಬೆಳಗ್ಗೆ ಎರಡೂ ದಡಗಳಲ್ಲಿ ಮೇಪಲ್ ಕೆಂಪಾಗಿತ್ತು, ಬರ್ಚ್ ಹಳದಿಯಾಗಿತ್ತು. ನಮ್ಮ ತಂಡದ ಬಹಳ ಮಂದಿ ಗಾಜಿನ ಹಿಂದೆ ಕುಳಿತೇ ನೋಡಿದರು. ಅತ್ತೆ ಕಂಬಿ ಹಿಡಿದು ನಿಂತವರು ಒಳಗೆ ಬರಲೇ ಇಲ್ಲ. ಆ ರಾತ್ರಿ ಊಟದ ಮೇಜಿನಲ್ಲಿ ಒಬ್ಬಾಕೆ, "ನಿನ್ನೆಯ ಬಟ್ಟೆಯೇ ಅಲ್ಲವೇ?" ಎಂದರು. ಆ ಮಾತು ನನಗೆ ಹಿಡಿಸಲಿಲ್ಲ, ಈಗಲೂ ಹಿಡಿಸಿಲ್ಲ. ಹಗಲೆಲ್ಲ ಕಣ್ಣೆದುರು ಹರಡಿದ್ದ ಬಣ್ಣ ಬಿಟ್ಟು ಇನ್ನೊಬ್ಬರ ಅಂಗಿಯ ಬಣ್ಣವನ್ನು ನೆನಪಿಟ್ಟುಕೊಳ್ಳುವ ಮನಸ್ಸು ನನಗೆ ಅರ್ಥವಾಗುವುದಿಲ್ಲ. ಅತ್ತೆ ಮಾತ್ರ, "ಹೌದು, ಒಗೆದು ಹಾಕಿಕೊಂಡಿದ್ದೇನೆ" ಎಂದು ನಕ್ಕರು.

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ದೊಡ್ಡ ಹಡಗು ಸಮುದ್ರದಲ್ಲೇ ಲಂಗರು ಹಾಕುತ್ತದೆ. ದಡಕ್ಕೆ ಸಣ್ಣ ದೋಣಿಯಲ್ಲಿ ಹೋಗಬೇಕು. ಹಡಗಿನ ಅಂಚಿನಿಂದ ದೋಣಿಗೆ ಕಾಲಿಡುವ ಕ್ಷಣದಲ್ಲಿ ಎರಡೂ ಒಂದೊಂದು ತಾಳದಲ್ಲಿ ಏರಿಳಿಯುತ್ತಿರುತ್ತವೆ. ಆಗ ಎರಡು ಕೈಗಳೂ ಬಿಡುವಾಗಿರಬೇಕು. ಕೈಚೀಲ, ಮಡಚಿದ ಕೋಟು ಹಿಡಿದವರನ್ನು ಸಿಬ್ಬಂದಿ ತಡೆದು, ಒಂದೊಂದನ್ನೇ ಇಸಿದುಕೊಂಡು ಇಳಿಸುತ್ತಿದ್ದರು. ಅತ್ತೆ ಬೆನ್ನಿನ ಚೀಲದ ಪಟ್ಟಿ ಬಿಗಿಮಾಡಿ, ಕಂಬಿ ಹಿಡಿದು, ಅಲೆ ಮೇಲೆದ್ದಾಗ ಹೆಜ್ಜೆ ಇಟ್ಟರು. ನಾನು ಕೈ ಚಾಚಿದ್ದೆ, ಅವರಿಗೆ ಅದು ಬೇಕಾಗಲಿಲ್ಲ. ನಾನೇ ಎತ್ತಬೇಕಲ್ಲ ಎಂಬ ಮಾತು ಆಗ ಮತ್ತೆ ಕೇಳಿಸಿದಂತಾಯಿತು. ಅದರಲ್ಲಿ ಸಾಮಾನಿನ ವಿಷಯ ಎಷ್ಟು ಕಡಿಮೆಯಿತ್ತು ಎಂಬುದು ಹೊಳೆದದ್ದೂ ಅಲ್ಲೇ.

ಮಾವ ಹೋದ ಮೇಲೆ ಅತ್ತೆಯ ಎಲ್ಲವನ್ನೂ ಬೇರೆಯವರು ಎತ್ತುತ್ತಿದ್ದಾರೆ. ಔಷಧಿ ತರುವುದು ಒಬ್ಬರು, ಬ್ಯಾಂಕಿನ ಕೆಲಸ ಇನ್ನೊಬ್ಬರು, ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವವರು ಮತ್ತೊಬ್ಬರು. ಎಲ್ಲರೂ ಒಳ್ಳೆಯವರೇ. ಆದರೆ ವಯಸ್ಸಾದವರ ಪೆಟ್ಟಿಗೆಯನ್ನು ಮಕ್ಕಳು ಕಟ್ಟುವಾಗ ಅದಕ್ಕೆ ಸೇರುವುದು ಬಹುಪಾಲು ಮಕ್ಕಳ ಭಯವೇ. ಅದು ಎತ್ತಲಾಗದಷ್ಟು ಭಾರವಾದ ಮೇಲೆ, ಹೊರಲು ಒಬ್ಬರು ಜೊತೆಗಿಲ್ಲದೆ ಅವರು ಹೊರಡುವಂತೆಯೇ ಇಲ್ಲ. ಹೀಗೆ ಒಂದು ಸೂಟ್‌ಕೇಸು ಮನುಷ್ಯರನ್ನು ಮನೆಯಲ್ಲೇ ಕೂರಿಸಬಲ್ಲದು. ಭಾವನ ಮೇಲೆ ನನಗಿರುವ ಸಿಟ್ಟು ಇದೊಂದೇ.

ಕೊನೆಯ ರಾತ್ರಿ ಎಲ್ಲರೂ ಬಣ್ಣದ ಚೀಟಿ ಕಟ್ಟಿದ ಪೆಟ್ಟಿಗೆಗಳನ್ನು ಕ್ಯಾಬಿನ್ನಿನ ಹೊರಗೆ ಇಟ್ಟರು. ಬೆಳಗ್ಗೆ ತಮ್ಮ ಬಣ್ಣದ ಸರದಿ ಬರುವವರೆಗೆ ಕಾಯಬೇಕು. ತಮ್ಮ ಸಾಮಾನನ್ನು ತಾವೇ ಹೊರುವವರನ್ನು ಮೊದಲೇ ಬಿಡುತ್ತಾರೆ. ನಾವಿಬ್ಬರೂ ಆ ಮೊದಲ ಗುಂಪಿನಲ್ಲಿ ಇಳಿದೆವು.

ಭಾವನಿಗೆ ನಿನ್ನೆ ರಾತ್ರಿ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಬಹಳ ಹೊತ್ತು ಕೇಳಿಸಿಕೊಂಡರು. "ಮುಂದಿನ ಸಲ ನಾನೇನು ಮಾಡಲಿ?" ಎಂದರು. ಅತ್ತೆ ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಹೊತ್ತು, ಅಳತೆಯನ್ನು ಒಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆದುಕೊಡಿ, ಅದು ನಿಜಕ್ಕೂ ಬೇಕು, ಚೀಲವನ್ನು ಮಾತ್ರ ಅವರೇ ತುಂಬಿಕೊಳ್ಳಲಿ ಎಂದೆ.