ಹೆಸರಿಲ್ಲದ ಕಳ್ಳನ ಬಟ್ಟಲು

ಹೊಸ ಫ್ಯಾಂಟಸಿ ಕಾದಂಬರಿಯನ್ನು ಕೈಗೆತ್ತಿಕೊಂಡಾಗಲೆಲ್ಲ ‘ಇದೆಲ್ಲ ಟೋಲ್ಕಿನ್ ಅವರಿಂದ ಎತ್ತಿದ್ದು’ ಎಂದು ಬೇಸರಿಸುತ್ತಿದ್ದ ನಾನು, ಸ್ವತಃ ಟೋಲ್ಕಿನ್ ಎಷ್ಟೊಂದನ್ನು ಹಳಬರಿಂದ ಪಡೆದಿದ್ದರೆಂದು ತಿಳಿದ ಮೇಲೆ ಆ ಮಾತನ್ನು ಸಲೀಸಾಗಿ ಆಡಲಾರೆ. 1937ರಲ್ಲಿ ಬಂದ ಅವರ ‘ದಿ ಹಾಬಿಟ್’ ಕಾದಂಬರಿಯ ಕುಬ್ಜರ ಹೆಸರುಗಳಲ್ಲಿ ಹೆಚ್ಚಿನವು ಹಳೆಯ ನಾರ್ಸ್ (ಸ್ಕ್ಯಾಂಡಿನೇವಿಯದ ಪ್ರಾಚೀನ ಭಾಷೆಯ) ಕಾವ್ಯವೊಂದರ ಪಟ್ಟಿಯಲ್ಲಿವೆ, ಕೋಲು ಹಿಡಿದ ಮುದಿ ಮಾಂತ್ರಿಕನ ಗ್ಯಾಂಡಾಲ್ಫ್ ಎಂಬ ಹೆಸರೂ ಅಲ್ಲಿಯದೇ.

ಇನ್ನೂ ಸ್ಪಷ್ಟವಾದ ಸಾಲವೆಂದರೆ ಬಟ್ಟಲಿನ ಪ್ರಸಂಗ. ಹಳೆಯ ಇಂಗ್ಲಿಷಿನ ‘ಬೇಯೊವುಲ್ಫ್’ ಕಾವ್ಯದಲ್ಲಿ, ಏಟಿಗೆ ಹೆದರಿ ಓಡಿಬಂದವನೊಬ್ಬ ಮಲಗಿದ್ದ ಡ್ರ್ಯಾಗನ್ನಿನ ನಿಧಿಯಿಂದ ಬಟ್ಟಲೊಂದನ್ನು ಕದಿಯುತ್ತಾನೆ, ಎಚ್ಚೆತ್ತ ಡ್ರ್ಯಾಗನ್ ನಾಡನ್ನೇ ಸುಡುತ್ತದೆ. ಕವಿ ಆ ಕಳ್ಳನಿಗೆ ಹೆಸರನ್ನೂ ಕೊಡುವುದಿಲ್ಲ, ಕೆಲವೇ ಸಾಲುಗಳಲ್ಲಿ ಅವನನ್ನು ದಾಟಿ ವೀರನ ಕಡೆ ಹೊರಟುಬಿಡುತ್ತಾನೆ. ಟೋಲ್ಕಿನ್ ಆ ಕಳ್ಳನ ಬಳಿಯೇ ನಿಂತರು. ಅವರ ಕಾದಂಬರಿಯ ನಾಯಕ, ಹಾಬಿಟ್ ಎಂಬ ಗಿಡ್ಡ ಜನರಲ್ಲಿ ಒಬ್ಬನಾದ ಬಿಲ್ಬೊ ಕೂಡ ಡ್ರ್ಯಾಗನ್ನಿನಿಂದ ಕದಿಯುವುದು ಬಟ್ಟಲನ್ನೇ. ಆದರೆ ಅದಕ್ಕೂ ಮೊದಲು ಅವನು ಕತ್ತಲ ಸುರಂಗದಲ್ಲಿ ಒಬ್ಬನೇ ಇಳಿದು, ಮುಂದೆ ಕೆಂಪು ಬೆಳಕನ್ನು ಕಂಡು, ಮಲಗಿದ ಪ್ರಾಣಿಯ ಗೊರಕೆ ಕೇಳಿ ನಿಂತುಬಿಡುತ್ತಾನೆ, ಮತ್ತು ಅಲ್ಲಿಂದ ಇಟ್ಟ ಮುಂದಿನ ಹೆಜ್ಜೆಯೇ ಅವನ ಬದುಕಿನ ಅತಿ ದೊಡ್ಡ ಧೈರ್ಯವೆಂದು ಕಥೆ ಹೇಳುತ್ತದೆ. ಸ್ವಂತಿಕೆ ಎಂದು ನಾನು ಕರೆಯುವುದು ಆ ನಿಲುಗಡೆಯನ್ನು.

ಹೆಸರು ಬದಲಾಯಿಸಿದರೆ ಇದು ದಕ್ಕುವುದಿಲ್ಲ. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಪಾತ್ರಗಳಾಗಿ ಕಥೆ ಕಟ್ಟುತ್ತ ಆಡುವ ಆಟದಲ್ಲಿದ್ದ ಹಾಬಿಟ್‌ಗಳು ಕಾನೂನಿನ ಆಕ್ಷೇಪದ ಬಳಿಕ ‘ಹಾಫ್‌ಲಿಂಗ್’ಗಳಾದರು, ಆಡುವವರಿಗೆ ಅವರು ಯಾರೆಂಬುದರಲ್ಲಿ ಸಂದೇಹವೇನೂ ಉಳಿಯಲಿಲ್ಲ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗುಯಿನ್ ಅವರಾದರೋ ಬಿಳಿಗಡ್ಡದ ಮುದಿ ಮಾಂತ್ರಿಕರನ್ನು ನೋಡಿ, ಇವರು ಹುಡುಗರಾಗಿದ್ದಾಗ ಹೇಗಿದ್ದರು, ವಿದ್ಯೆಯನ್ನು ಎಲ್ಲಿ ಕಲಿತರು ಎಂದು ಕೇಳಿಕೊಂಡರು. 1968ರ ಅವರ ಕಾದಂಬರಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಹುಟ್ಟಿದ್ದು ಆ ಪ್ರಶ್ನೆಯಿಂದ. (ಮಾಂತ್ರಿಕರ ಶಾಲೆ ಇಂದು ಎಲ್ಲರಿಗೂ ಸವೆದ ದಾರಿ, ಆಗ ಹಾಗಿರಲಿಲ್ಲ.)

ನಾನು ಬರೆಯುತ್ತಿರುವ ಫ್ಯಾಂಟಸಿ ಕಥೆಯ ಕರಡಿನಲ್ಲೂ ಸಂಜೆಯ ಹೊತ್ತಿಗೆ ಹಳ್ಳಿಗೆ ಬರುವ ಮುದುಕನೊಬ್ಬನಿದ್ದ. ಕೋಲಿನ ಬದಲು ಲಾಂದ್ರ ಕೊಟ್ಟೆ, ಗಡ್ಡ ತೆಗೆದೆ. ಆದರೂ ಅವನು ಬಾಯಿ ತೆರೆದೊಡನೆ ಬೇರೊಬ್ಬರ ಪುಸ್ತಕದ ದನಿಯೇ ಕೇಳುತ್ತಿತ್ತು. ಕಳೆದ ವಾರದಿಂದ ಅದೇ ಅಧ್ಯಾಯವನ್ನು ಅವನಿಗೆ ಬಾಗಿಲು ತೆರೆಯುವ ಹುಡುಗಿಯ ಕಡೆಯಿಂದ ಬರೆಯುತ್ತಿದ್ದೇನೆ. ಲಾಂದ್ರದಲ್ಲಿ ಎಣ್ಣೆ ಮುಗಿದಿರುವುದನ್ನು ಅವಳು ಮೊದಲ ನೋಟದಲ್ಲೇ ಗಮನಿಸಿದಳು, ಅವನನ್ನು ಒಳಗೆ ಕರೆಯಲು ಇನ್ನೂ ಒಪ್ಪಿಲ್ಲ.