ಬೋರ್ ನೀರಿನ ಈಜುಕೊಳ ಮತ್ತು ಮತ್ತೆ ಮತ್ತೆ ಏರುವ ಪಿಎಚ್

ಚಿತ್ರದುರ್ಗದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಲಿನ ಪುಟ್ಟ ಈಜುಕೊಳ 6 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳವಿದ್ದು, ಅದು ಹಿಡಿಯುವ ಸುಮಾರು 21,600 ಲೀಟರ್ ನೀರೂ ಕೊಳವೆಬಾವಿಯದು. ಕೋಟೆಯೊಳಗೆ ಸಿಹಿನೀರು ಹೊಂಡವೆಂದೇ ಹೆಸರಾದ ಹೊಂಡವಿದೆ. ಗೀಸರಿನ ಕಾಯಿಲಿಗೆ ಬಿಳಿ ಕರೆ ಕಟ್ಟಿಸುವ ನಮ್ಮ ಬೋರ್ ನೀರಿಗೆ ಆ ಹೆಸರು ಸಲ್ಲದು.

ಮೊದಲ ಬೇಸಿಗೆಯಲ್ಲಿ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ, 8.2 ಇತ್ತು. ಪಿಎಚ್ 7.5ರ ಆಸುಪಾಸಿನಲ್ಲಿ ಕ್ಲೋರಿನ್‌ನ ಅರ್ಧದಷ್ಟು ಭಾಗ ರೋಗಾಣು ಕೊಲ್ಲುವ ರೂಪದಲ್ಲಿದ್ದರೆ, 8ಕ್ಕೆ ಏರಿದಾಗ ಕಾಲು ಭಾಗವಷ್ಟೇ ಉಳಿಯುತ್ತದೆ. ಆದ್ದರಿಂದ ಒಂದು ಲೀಟರ್ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ 7.4ಕ್ಕೆ ಇಳಿಸಿದೆ. ನಾಲ್ಕೇ ದಿನದಲ್ಲಿ ಅದು ಮತ್ತೆ 8 ದಾಟಿತು. ಪರೀಕ್ಷಾ ಕಿಟ್ಟನ್ನೇ ದೂರಿ ಹೊಸದನ್ನು ತಂದೆ. ಅದೂ ಅದನ್ನೇ ಹೇಳಿತು.

ನಾನು ನೋಡದೆ ಬಿಟ್ಟದ್ದು ಕ್ಷಾರತೆಯನ್ನು, ಅಂದರೆ ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿಯನ್ನು; ಅದು ಬರುವುದು ಹೆಚ್ಚಾಗಿ ನೀರಿನಲ್ಲಿ ಕರಗಿರುವ ಬೈಕಾರ್ಬೊನೇಟಿನಿಂದ. ಕೊಳಕ್ಕೆ 80ರಿಂದ 120 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ) ಸಾಕು, ನಮ್ಮದರಲ್ಲಿ 300 ಇತ್ತು. ಆಮ್ಲ ಬಿದ್ದಾಗ ಬೈಕಾರ್ಬೊನೇಟು ಇಂಗಾಲದ ಡೈಆಕ್ಸೈಡಾಗುತ್ತದೆ. ಆ ಅನಿಲ ನೀರಿನಿಂದ ಹೊರಗೆ ಹೋದಂತೆಲ್ಲ ಪಿಎಚ್ ಏರುತ್ತದೆ, ಮಕ್ಕಳು ನೀರು ಕಲಕಿದರಂತೂ ಇನ್ನೂ ಬೇಗ. ಹಾಗಾಗಿ ಆ ಏರಿಕೆ ಸೋಲಲ್ಲ, ಪ್ರತಿ ಲೀಟರ್ ಆಮ್ಲವೂ ಕ್ಷಾರತೆಯನ್ನು 23 ಪಿಪಿಎಂನಷ್ಟು ಇಳಿಸಿಯೇ ಹೋಗಿರುತ್ತದೆ. ಪಿಎಚ್ ಏರಲು ಬಿಟ್ಟು, ಮತ್ತೆ ಒಂದು ಲೀಟರ್ ಹಾಕುತ್ತ, ಸುಮಾರು ಎಂಟು ಲೀಟರಿನಲ್ಲಿ 120ಕ್ಕೆ ತಂದೆ. ಒಮ್ಮೆಗೇ ಎಲ್ಲವನ್ನೂ ಸುರಿದಿದ್ದರೆ ಪಿಎಚ್ ಕುಸಿದು ಪಂಪಿನ ಲೋಹವೂ ಗಾರೆಯೂ ಕೊರೆದುಹೋಗುತ್ತಿದ್ದವು.

ಮಾದರಿಯ ನೀರನ್ನು ಮೊಣಕೈ ಆಳದಿಂದ, ನೀರು ಒಳಬರುವ ಕೊಳವೆಯಿಂದ ದೂರದಲ್ಲಿ ತೆಗೆಯಬೇಕು. ಕ್ಲೋರಿನ್ ಹಾಕಿದ ಕೂಡಲೇ ಪರೀಕ್ಷಿಸಿದರೆ ಕಿಟ್ಟಿನಲ್ಲಿ ಪಿಎಚ್ ತೋರಿಸುವ ಬಣ್ಣದ ದ್ರಾವಣ ಫಿನಾಲ್ ರೆಡ್ ನೇರಳೆಗೆ ತಿರುಗಿ ಪಿಎಚ್ ಹೆಚ್ಚಿದಂತೆ ತೋರಿಸಿ ಮೋಸಗೊಳಿಸುತ್ತದೆ. ಆಮ್ಲವನ್ನು ಬಕೆಟ್ಟಿನ ನೀರಿಗೆ ಬೆರೆಸಬೇಕೇ ಹೊರತು ಆಮ್ಲದ ಮೇಲೆ ನೀರು ಸುರಿಯಬಾರದು. ಬ್ಲೀಚಿಂಗ್ ಪೌಡರ್ ಮುಟ್ಟಿದ ಬಕೆಟ್ಟನ್ನಂತೂ ಇದಕ್ಕೆ ಬಳಸಲೇಬಾರದು, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಬಿಸಿಲಿಗೆ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ವಾರಕ್ಕೆ 630 ಲೀಟರ್ ತುಂಬಬೇಕು, ಬೋರ್ ನೀರಾದರೆ ಅಷ್ಟಕ್ಕೇ ಕ್ಷಾರತೆ 8–9 ಪಿಪಿಎಂ ಏರುತ್ತದೆ. ಕ್ಷಾರತೆಯೇ ಇಲ್ಲದಂತಿರುವ ಮಳೆನೀರನ್ನು ಈಗ ತಾರಸಿಯಿಂದ ಸಂಪಿಗೆ ಇಳಿಸಿ, ಅದು ಇರುವಷ್ಟು ದಿನ ಕೊಳಕ್ಕೆ ಅದನ್ನೇ ತುಂಬಿಸುತ್ತಿದ್ದೇನೆ.