ಕರೆಂಟ್ ಹೋಗಿ ಬಂದಮೇಲೆ ಆ ಪಿಐಡಿ ಯಾರದು?

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಯುಪಿಎಸ್ ಬ್ಯಾಟರಿಯೂ ಕೈಕೊಟ್ಟರೆ ಅಡಿಕೆ ಮಂಡಿಯ ಬಿಲ್ಲಿಂಗ್ ನಡೆಸುವ ಲಿನಕ್ಸ್ ಕಂಪ್ಯೂಟರ್ ಅರ್ಧದಲ್ಲೇ ಆರಿಹೋಗುತ್ತದೆ. ಮತ್ತೆ ಆನ್ ಆದಮೇಲೆ ಬಿಲ್ಲಿಂಗ್ ಪ್ರೋಗ್ರಾಂ ಓಡದಿದ್ದರೂ ಕಾವಲು ಸ್ಕ್ರಿಪ್ಟ್ 'ಓಡ್ತಾ ಇದೆ' ಎನ್ನುತ್ತದೆ. ಹೆಚ್ಚಿನ ಸಲ ತಪ್ಪು ಡಿಸ್ಕಿನಲ್ಲಿ ಉಳಿದ ಪಿಐಡಿ ಫೈಲಿನದು. ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೆ, ಅಂದರೆ ಪ್ರೋಸೆಸ್ಸಿಗೆ, ಲಿನಕ್ಸ್ ಕೊಡುವ ನಂಬರೇ ಪಿಐಡಿ; ಅದನ್ನು ಬರೆದಿಟ್ಟ ಫೈಲು ಇದು. ಅದರಲ್ಲಿ ಹಿಂದಿನ ಬೂಟಿನ 1412 ಇದೆ. ಈ ಬೂಟಿನಲ್ಲಿ ಅದೇ ನಂಬರ್ ಪ್ರಿಂಟರ್ ಸರ್ವಿಸಿಗೆ ಹೋಗಿದೆ. ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ 0 ಸಿಗ್ನಲ್ (ಆ ನಂಬರಿನ ಪ್ರೋಸೆಸ್ ಇದೆಯೇ ಎಂದಷ್ಟೇ ನೋಡುವಂಥದು) ಕಳಿಸಿ ನೋಡಿದರೆ 'ಇದೆ' ಎಂಬ ಉತ್ತರ ಬಂದೇ ಬರುತ್ತದೆ.

ಪಿಐಡಿ ಫೈಲನ್ನು /ರನ್ ಡೈರೆಕ್ಟರಿಯ ಒಳಗಿಡಿ. ಅದು ರ‍್ಯಾಮಿನಲ್ಲಿರುವುದರಿಂದ ಕರೆಂಟ್ ಹೋದರೆ ಅದೂ ಹೋಗುತ್ತದೆ. ಪ್ರೋಗ್ರಾಂ ಸಿಸ್ಟಂಡಿ (ಲಿನಕ್ಸಿನಲ್ಲಿ ಸರ್ವಿಸ್‌ಗಳನ್ನು ನಡೆಸಿ ನೋಡಿಕೊಳ್ಳುವ ವ್ಯವಸ್ಥೆ) ಕೆಳಗೆ ಓಡುತ್ತಿದ್ದರಂತೂ ಪಿಐಡಿ ಫೈಲೇ ಬೇಡ, ಅದನ್ನೇ ಕೇಳಿ.

ಆದರೆ ಒಂದೇ ಬೂಟಿನಲ್ಲೂ ನಂಬರ್ ಸುತ್ತಿ ಬರುತ್ತದೆ. ಗರಿಷ್ಠ ಮಿತಿ 32768 ಇರುವ ಕಡೆ ಬೇಗನೇ. ಆದ್ದರಿಂದ ಪಿಐಡಿ ಜೊತೆಗೆ ಪ್ರೋಸೆಸ್ ಶುರುವಾದ ಸಮಯವನ್ನೂ ಬರೆದಿಡಿ: /ಪ್ರಾಕ್ (ಪ್ರೋಸೆಸ್‌ಗಳ ವಿವರವನ್ನು ಲಿನಕ್ಸ್ ತೋರಿಸುವ ಜಾಗ) ಒಳಗೆ ಆ ಪಿಐಡಿಯ ಹೆಸರಿನ ಡೈರೆಕ್ಟರಿ, ಅದರಲ್ಲಿ 'ಸ್ಟ್ಯಾಟ್' ಫೈಲು, ಅದರ 22ನೇ ಫೀಲ್ಡ್. ಬೂಟ್ ಆದಂದಿನಿಂದ ಎಣಿಸಿದ ಟಿಕ್‌ಗಳು, ಸಾಮಾನ್ಯವಾಗಿ ಸೆಕೆಂಡಿಗೆ 100. ಎರಡೂ ಹೊಂದಿದರೆ ಮಾತ್ರ ಅದು ನಿಮ್ಮ ಪ್ರೋಸೆಸ್.

ಈ ಫೈಲನ್ನು ಸ್ಪೇಸ್ ಕಂಡಲ್ಲೆಲ್ಲ ಕತ್ತರಿಸಬೇಡಿ. ಎರಡನೇ ಫೀಲ್ಡ್ ಆವರಣದೊಳಗಿನ ಪ್ರೋಸೆಸ್ ಹೆಸರು. ಅದರಲ್ಲಿ ಸ್ಪೇಸೂ ಇರಬಹುದು, ಆವರಣ ಚಿಹ್ನೆಯೂ ಇರಬಹುದು. ಕೊನೆಯ ಮುಚ್ಚುವ ಆವರಣವನ್ನು ಹುಡುಕಿ, ಅಲ್ಲಿಂದಾಚೆ ಕತ್ತರಿಸಿ. ಆಮೇಲಿನ ಮೊದಲ ತುಂಡು 3ನೇ ಫೀಲ್ಡ್, ಅಂದರೆ ಸ್ಥಿತಿ. ನಿಮಗೆ ಬೇಕಾದ 22ನೆಯದು 20ನೇ ತುಂಡು. ಪೈಥಾನಿನಲ್ಲಿ ಇಂಡೆಕ್ಸ್ 19.

ಆ ಹೆಸರಿಗೆ 15 ಬೈಟ್ ಮಾತ್ರ ಜಾಗ. (ಕನ್ನಡದಲ್ಲಿ ಹೆಸರಿಟ್ಟವರಿಗೆ ಯೂನಿಕೋಡಿನ ಐದೇ ಚಿಹ್ನೆ, ಒತ್ತು, ಗುಣಿತ ಎಲ್ಲ ಅದರಲ್ಲೇ!) ಉದ್ದ ಹೆಸರನ್ನು 'ಪಿಗ್ರೆಪ್' (ಹೆಸರಿನಿಂದ ಪಿಐಡಿ ಹುಡುಕುವ ಕಮಾಂಡ್) ಹಿಡಿಯದಿರುವುದು ಇದಕ್ಕೇ. 'ಎಫ್' ಆಪ್ಷನ್ ಕೊಟ್ಟರೆ ಇಡೀ ಕಮಾಂಡ್ ಲೈನ್ ನೋಡುತ್ತದೆ, ಆದರೆ ಅದೇ ಹೆಸರಿನ ಫೈಲನ್ನು ತೆರೆದಿಟ್ಟ ಎಡಿಟರನ್ನೂ ಎಣಿಸಿಬಿಡುತ್ತದೆ.

ಈಗ ಎಷ್ಟು ಸಿಪಿಯು ಬಳಕೆಯಾಗುತ್ತಿದೆ ಎಂಬ ಲೆಕ್ಕಕ್ಕೆ 'ಪಿಎಸ್' (ಪ್ರೋಸೆಸ್‌ಗಳ ಪಟ್ಟಿ ಕೊಡುವ ಕಮಾಂಡ್) ನಂಬಬೇಡಿ. ಅದು ಕೊಡುವುದು ಶುರುವಾದಂದಿನಿಂದ ಈವರೆಗಿನ ಸರಾಸರಿ. ಬಳಸಿದ ಸಿಪಿಯು ಸಮಯ ಇರುವ, ಅದೇ 'ಸ್ಟ್ಯಾಟ್' ಫೈಲಿನ 14 ಮತ್ತು 15ನೇ ಫೀಲ್ಡ್ ಕೂಡಿಸಿ, 5 ಸೆಕೆಂಡ್ ಬಿಟ್ಟು ಮತ್ತೆ ಓದಿ. ವ್ಯತ್ಯಾಸ 250 ಟಿಕ್ ಬಂದರೆ ಒಂದು ಕೋರಿನ ಶೇ. 50.

ಸ್ಥಿತಿಯಲ್ಲಿ 'ಡಿ' ಕಂಡರೆ ಪ್ರೋಸೆಸ್ ಸಾಮಾನ್ಯವಾಗಿ ಡಿಸ್ಕಿಗೋ ನೆಟ್‌ವರ್ಕ್ ಫೋಲ್ಡರಿಗೋ ಕಾದು ಕೂತಿದೆ. ಬಲವಂತವಾಗಿ ಕೊಲ್ಲುವ 9 ಸಿಗ್ನಲ್ಲಿಗೂ ಜಗ್ಗದೇ ಇರಬಹುದು. ಬ್ಯಾಕಪ್ಪಿನ ಪೆನ್‌ಡ್ರೈವ್, ಕೇಬಲ್ ಮೊದಲು ನೋಡಿ. 'ಝಡ್' ಇದ್ದರೆ ಅದು ಆಗಲೇ ಸತ್ತಿದೆ, ಅದನ್ನು ಶುರುಮಾಡಿದ ತಾಯಿ ಪ್ರೋಸೆಸ್ ಇನ್ನೂ ವಿಚಾರಿಸಿಕೊಂಡಿಲ್ಲ. ಸ್ಕ್ರಿಪ್ಟ್ ಇದನ್ನು 'ಓಡುತ್ತಿದೆ' ಎಂದು ಎಣಿಸಬಾರದು.

/ಪ್ರಾಕ್ ಒಳಗಿನ ಪಿಐಡಿಗಳ ಪಟ್ಟಿ ಮಾಡುವುದಕ್ಕೂ ಅವುಗಳ ಫೈಲು ಓದುವುದಕ್ಕೂ ನಡುವೆ ಪ್ರೋಸೆಸ್ ಮುಗಿದುಹೋಗುವುದು ಮಾಮೂಲು. 'ಫೈಲ್ ಇಲ್ಲ' ಎಂಬ ಎರರ್ ಬಂದರೆ ಸ್ಕ್ರಿಪ್ಟ್ ನಿಲ್ಲಿಸದೆ ಮುಂದಿನ ಪಿಐಡಿಗೆ ಹೋಗಿ.